ಹೋಳಿಗೆ ತಾಟು ಯಾಕೆ ಪಕ್ಕಕ್ಕೆ ಇಡಬೇಕು?

ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ತಂಗಿ ಮಗನ ಗೆಳೆಯ ಒಬ್ಬ ಮೊಬೈಲು, ಲೈಟು, ಸ್ಟ್ಯಾಂಡು ಎಲ್ಲಾ ಹೊತ್ತುಕೊಂಡು ಬಂದಿದ್ದ. ಧಾರವಾಡದ ಕ್ರೈಸ್ತರ ಮನೆಯ ಕ್ರಿಸ್‌ಮಸ್ ಊಟ ಅಂತ ಒಂದು ವಿಡಿಯೊ ಮಾಡ್ತೀನಿ ಅಂದಿದ್ದಕ್ಕೆ ನಾನೂ ಖುಷಿಯಿಂದ ಒಪ್ಪಿಕೊಂಡಿದ್ದೆ. ಹಬ್ಬಕ್ಕೆ ಇನ್ನೂ ದಿನ ಇದೆ, ಆದರೂ ಬೆಳಿಗ್ಗೆ ಬೇಗ ಎದ್ದು ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿ, ಹೋಳಿಗೆ ಮಾಡಿದೆ. ಮಟನ್ ಸಾರು, ಕೈಮಾ ಉಂಡಿ, ಎಣಗಾಯಿ, ಬಿಸಿ ರೊಟ್ಟಿ. ಎಲ್ಲಾ ಟೇಬಲ್ ಮೇಲೆ ಜೋಡಿಸಿ ಕರೆದೆ. ಹುಡುಗ ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಆಮೇಲೆ ಮೆಲ್ಲಗೆ, "ಅಕ್ಕಾರ, ಈ ಹೋಳಿಗಿ ತಾಟು ಸ್ವಲ್ಪ ಆಕಡೆ ಇಡ್ತೀರೇನ್ರಿ? ಕ್ರಿಸ್‌ಮಸ್ ಫೀಲ್ ಬರವಲ್ತು" ಅಂದ. ಹೋಳಿಗೆಯ ಹಿಂದೆ ರೊಟ್ಟಿ ಬುಟ್ಟಿಯೂ ಹೋಯಿತು. ಆ ಜಾಗಕ್ಕೆ ಅವನೇ ಬೇಕರಿಯಿಂದ ತಂದಿದ್ದ ಪ್ಲಮ್ ಕೇಕು, ಪ್ಲಾಸ್ಟಿಕ್ಕಿನ ಎಲೆ, ಕೆಂಪು ಮೇಣದಬತ್ತಿ ಬಂದವು.

ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಆಮೇಲೆ ವಿಡಿಯೊ ಬೇಡಪ್ಪ, ಊಟ ಮಾಡಿ ಹೋಗು ಅಂದೆ. ಊಟ ಮಾಡಿದ. ಹೋಳಿಗೆ ಕೇಳಿ ಹಾಕಿಸಿಕೊಂಡ.

ಹುಡುಗ ಒಳ್ಳೆಯವನು. ಅವನ ತಲೆಯಲ್ಲಿ ಕೂತಿರುವ ಆ ಚಿತ್ರ ಇದೆಯಲ್ಲ, ನನಗೆ ಸಿಟ್ಟು ಅದರ ಮೇಲೆ. ಅದು ಅವನೊಬ್ಬನ ತಲೆಯಲ್ಲಿ ಇಲ್ಲ. ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗಲೂ ಪ್ರತಿ ಡಿಸೆಂಬರಿನಲ್ಲಿ ಸ್ಟಾಫ್ ರೂಮಿನಲ್ಲಿ ಇದೇ ಪ್ರಶ್ನೆ ಬರುತ್ತಿತ್ತು: ನೀವು ಟರ್ಕಿ ಕೋಳಿ ಮಾಡ್ತೀರಾ? ಎಲ್ಲಿ ಸಿಗುತ್ತೆ? ಕೇಕಿಗೆ ವೈನ್ ಹಾಕ್ತೀರಾ? ಹೋಳಿಗೆ ಮಾಡ್ತೀವಿ ಅಂದರೆ ಮುಖದಲ್ಲಿ ಒಂದು ಸಣ್ಣ ನಿರಾಸೆ. "ಓ, ನಮ್ಮ ಹಬ್ಬದ ಹಂಗೇನಾ?" ಅನ್ನುತ್ತಿದ್ದರು. ಆ 'ನಮ್ಮ' ಅನ್ನುವುದರಲ್ಲಿ ನಾವು ಇರುತ್ತಿರಲಿಲ್ಲ. ಈ ಊರಲ್ಲೇ ಹುಟ್ಟಿ, ಈ ಊರ ನೀರು ಕುಡಿದು, ಇದೇ ಊರ ಮಕ್ಕಳಿಗೆ ಕಾಗುಣಿತ ಕಲಿಸಿದ ಮೇಲೂ.

 ಕ್ರೈಸ್ತ ಧರ್ಮ ಸಾರಲು ಯುರೋಪಿನಿಂದ ಬಂದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಕಾಲಿಟ್ಟದ್ದು 1837ರಲ್ಲಿ. ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಂದರೆ ಹತ್ತಿರ ಹತ್ತಿರ ಇನ್ನೂರು ವರ್ಷದಿಂದ ಈ ಮಣ್ಣಿನಲ್ಲಿ ಕ್ರಿಸ್‌ಮಸ್ ನಡೆಯುತ್ತಿದೆ. ಹುಬ್ಬಳ್ಳಿಗೆ ರೈಲು ಬರುವುದಕ್ಕೂ ಮೊದಲಿನಿಂದ. ಅಷ್ಟು ವರ್ಷ ನಮ್ಮ ಅಜ್ಜಿಯರು, ಅವರ ಅಜ್ಜಿಯರು ಹಬ್ಬದ ದಿನ ಒಲೆ ಮೇಲೆ ಏನು ಇಟ್ಟಿರಬಹುದು? ಒಲೆ ಇತ್ತು, ಹಂಚು ಇತ್ತು, ಒರಳು ಇತ್ತು. ಓವನ್ ಎಲ್ಲಿತ್ತು? ಮನೆಯಲ್ಲಿ ಇದ್ದ ಜೋಳ, ಬೇಳೆ, ಬೆಲ್ಲ, ಶೇಂಗಾ, ಸಂತೆಯಲ್ಲಿ ಸಿಕ್ಕ ಕುರಿ ಮಾಂಸ, ಹಿತ್ತಲ ಕೋಳಿ. ಹಬ್ಬ ಅಂದರೆ ಹೋಳಿಗೆ ಅಂತ ಈ ನಾಡಿನ ಎಲ್ಲರಿಗೂ ಗೊತ್ತಿದ್ದ ಹಾಗೆ ಅವರಿಗೂ ಗೊತ್ತಿತ್ತು. ಏಸು ಹುಟ್ಟಿದ ದಿನಕ್ಕಿಂತ ದೊಡ್ಡ ಹಬ್ಬ ನಮಗೆ ಯಾವುದಿದೆ? ಅವತ್ತು ಮಾಡದೆ ಇನ್ಯಾವಾಗ ಮಾಡಬೇಕು?

ಅದೇ ಮಿಷನ್ನಿನ ಕಿಟ್ಟೆಲ್ ಅಂದರೆ ನಮ್ಮ ಊರಲ್ಲಿ ಎಲ್ಲರಿಗೂ ಪ್ರೀತಿ. ಕಾಲೇಜಿಗೆ ಅವರ ಹೆಸರು ಇದೆ, ಅವರ ಕನ್ನಡ ನಿಘಂಟು 1894ರಲ್ಲಿ ಬಂತು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಆ ಮನುಷ್ಯ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಬರೆದರು. ಜರ್ಮನಿಯಿಂದ ಬಂದವರೇ ಕಥೆಯನ್ನು ಕನ್ನಡ ಮಾಡಿಕೊಂಡರು, ಆದರೆ ಇಲ್ಲೇ ಹುಟ್ಟಿದ ನಾವು ಊಟವನ್ನು ಕನ್ನಡದಲ್ಲಿ ಮಾಡಿಕೊಂಡರೆ ಅದು ಒರಿಜಿನಲ್ ಅಲ್ವಂತೆ. ಇದು ಯಾವ ನ್ಯಾಯ, ಹೇಳಿ.

ಇನ್ನು ಆ ಒರಿಜಿನಲ್ ಅನ್ನೋದನ್ನೇ ನೋಡೋಣ. ಟರ್ಕಿ ಕೋಳಿ ಅಮೆರಿಕ ಖಂಡದ ಹಕ್ಕಿ. ಇಂಗ್ಲೆಂಡಿಗೆ ಹೋಗಿದ್ದು ಹದಿನಾರನೇ ಶತಮಾನದಲ್ಲಿ. ಅಲ್ಲಿಯೂ ಬಹಳ ಕಾಲ ಹಬ್ಬಕ್ಕೆ ಬಾತುಕೋಳಿಯ ಜಾತಿಯ ಗೂಸ್, ದನದ ಮಾಂಸ ಇವೇ ಜಾಸ್ತಿ. ಸಾಮಾನ್ಯರ ಮನೆಗೆಲ್ಲ ಟರ್ಕಿ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ. ನಮ್ಮ ಕಡೆಗೆ ಮಿಷನರಿಗಳು ಬಂದ ಜರ್ಮನಿಯಲ್ಲಿ ಇವತ್ತಿಗೂ ಎಷ್ಟೋ ಮನೆಗಳಲ್ಲಿ 24ರ ರಾತ್ರಿ ಬರೀ ಆಲೂಗಡ್ಡೆ ಸಲಾಡು, ಸಾಸೇಜು. ಪೋಲೆಂಡಿನವರು ಅವತ್ತು ರಾತ್ರಿ ಮಾಂಸವನ್ನೇ ಮುಟ್ಟುವುದಿಲ್ಲ, ಮೀನು ಮತ್ತು ಬೀಟ್‌ರೂಟ್ ಸಾರು ಸೇರಿ ಹನ್ನೆರಡು ಬಗೆ ಮಾಡುತ್ತಾರೆ, ಯಾರಾದರೂ ಬಂದಾರು ಅಂತ ಒಂದು ಖಾಲಿ ತಟ್ಟೆ ಇಡುತ್ತಾರೆ. ಇಥಿಯೋಪಿಯಾದ ಕ್ರೈಸ್ತರಿಗೆ ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ. ವಾರಗಟ್ಟಲೆ ಉಪವಾಸ ಮುಗಿಸಿ, ಹುಳಿ ಬರಿಸಿದ ಹಿಟ್ಟಿನ ದೊಡ್ಡ ದೋಸೆಯಂಥ ಇಂಜೆರಾ ಮೇಲೆ ಖಾರದ ಕೋಳಿ ಸಾರು ಹಾಕಿಕೊಂಡು ತಿನ್ನುತ್ತಾರೆ. ಅವರ ಕ್ರೈಸ್ತ ಧರ್ಮ ಇಂಗ್ಲೆಂಡಿನವರದಕ್ಕಿಂತ ಹಳೆಯದು. ಅವರ ಕೋಳಿ ಸಾರಿನ ಫೋಟೊ ನೋಡಿದಾಗ ನನಗೆ ನಮ್ಮ ಮನೆಯ ಪಾತ್ರೆಯೇ ನೆನಪಾಯಿತು, ಅಷ್ಟು ಕೆಂಪು. ಜಪಾನಿನಲ್ಲಿ 1974ರಲ್ಲಿ ಕೆ.ಎಫ್.ಸಿ.ಯವರು ಜಾಹೀರಾತು ಮಾಡಿದ ಮೇಲೆ ಕ್ರಿಸ್‌ಮಸ್ ಅಂದರೆ ಫ್ರೈಡ್ ಚಿಕನ್ ಅನ್ನುವಂತಾಯಿತು. ಒಂದು ಅಂಗಡಿಯ ಜಾಹೀರಾತಿಗೆ ಸಂಪ್ರದಾಯ ಅನ್ನಿಸಿಕೊಳ್ಳಲು ಐವತ್ತು ವರ್ಷ ಸಾಕಾಯಿತು. ನಮ್ಮ ಹೋಳಿಗೆಗೆ ಇನ್ನೂರು ವರ್ಷವೂ ಸಾಲದು.

"ಹಂಗಾದ್ರೆ ಕೇಕ್ ಯಾಕೆ ಮಾಡ್ತೀರಿ, ಅದೂ ಹೊರಗಿನದಲ್ವಾ" ಅಂತ ಕೆಲವರು ಕೇಳುತ್ತಾರೆ. ಹೌದು, ಮಾಡ್ತೀವಿ. ನನಗೂ ಇಷ್ಟ. ಹೊರಗಿನಿಂದ ಬಂದದ್ದು ತಿನ್ನಬಾರದು ಅಂತ ಹೊರಟರೆ ನಮ್ಮ ಅಡುಗೆಮನೆಯಲ್ಲಿ ಏನೂ ಉಳಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ನಮ್ಮ ಹಾವೇರಿ ಜಿಲ್ಲೆಗೆ ಹೆಮ್ಮೆ. ಆದರೆ ಮೆಣಸಿನಕಾಯಿ ಬಂದಿದ್ದು ಆ ಟರ್ಕಿ ಕೋಳಿ ಬಂದ ಅಮೆರಿಕ ಖಂಡದಿಂದಲೇ, ಪೋರ್ಚುಗೀಸರ ಹಡಗಿನಲ್ಲಿ. ಶೇಂಗಾ ಕೂಡ ದಕ್ಷಿಣ ಅಮೆರಿಕದ ಬೆಳೆ. ಶೇಂಗಾ ಹೋಳಿಗೆ ಉತ್ತರ ಕರ್ನಾಟಕದ್ದಲ್ಲ ಅಂತ ಯಾರಾದರೂ ಗದಗಿನಲ್ಲಿ ನಿಂತು ಹೇಳಿ ನೋಡಲಿ. ಕೇಕ್ ಇರಲಿ, ಹೋಳಿಗೆಯೂ ಇರಲಿ. ಕೇಕಿಗಾಗಿ ಹೋಳಿಗೆಯನ್ನು ಅಡುಗೆಮನೆಗೆ ವಾಪಸ್ ಕಳಿಸಬೇಡಿ, ನಾನು ಕೇಳುವುದು ಅಷ್ಟೇ.

ಈ ಊಟದಲ್ಲಿ ಹೋಳಿಗೆ ಯಾಕೆ ಇದೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಅದು ವಿಡಿಯೊ ಮಾಡುವವರಿಗೆ ಕಾಣುವುದೇ ಇಲ್ಲ. ನಮ್ಮ ಓಣಿಯಲ್ಲಿ ನಮ್ಮವರ ಮನೆ ಕಡಿಮೆ. ಎದುರಿಗೆ ಲಿಂಗಾಯತರು, ಪಕ್ಕದಲ್ಲಿ ಜೈನರು, ಹಿಂದೆ ಮುಸಲ್ಮಾನರು. ಕ್ರಿಸ್‌ಮಸ್ ದಿನ ಮಧ್ಯಾಹ್ನ ಅಮ್ಮ ಎರಡು ಅಡುಗೆ ಮಾಡುತ್ತಿದ್ದರು. ಸಸ್ಯಾಹಾರದ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು. ಅದು ಮೊದಲು ಆಗಬೇಕು, ಆಮೇಲೆ ಒಲೆ ಮೇಲೆ ಮಾಂಸ. ಬೇಳೆ ಕಟ್ಟಿನಿಂದ ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ, ಕೋಸಂಬರಿ, ಹಿಟ್ಟಿನ ಪಲ್ಯ, ಹೋಳಿಗೆ ತುಪ್ಪ. 25ನೇ ತಾರೀಖು ಸೋಮವಾರ ಬಂದರೂ ಗುರುವಾರ ಬಂದರೂ ಓಣಿಯವರು ಬಂದು ಉಣ್ಣಬೇಕು, ಆ ವಾರ ಮಾಂಸ ತಿನ್ನಲ್ಲ ಅಂತ ಯಾರೂ ಹಿಂದೆ ಸರಿಯಬಾರದು ಅಂತ ಅವರ ಹಟ. ಜೈನರ ಮನೆಯವರಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಬೇರೆ. ಅಷ್ಟೆಲ್ಲಾ ಮಾಡಿ ಮಧ್ಯಾಹ್ನ ಮೂರಕ್ಕೆ ತಾವು ಉಣ್ಣಲು ಕೂರುತ್ತಿದ್ದರು. ಬೆಳಗಿನ ಆರಾಧನೆಗೆ ಉಟ್ಟ ರೇಷ್ಮೆ ಸೀರೆ ಮೇಲೆ ಹಿಟ್ಟು.

ಎಲ್ಲರೂ ಬರುತ್ತಿರಲಿಲ್ಲ ಅನ್ನುವುದೂ ನಿಜ. ಇದನ್ನು ನಾನು ಇಲ್ಲಿ ಯಾವತ್ತೂ ಬರೆದಿಲ್ಲ. ನಾನು ಸಣ್ಣವಳಿದ್ದಾಗ ಕರ್ಚಿಕಾಯಿ ತಟ್ಟೆ ಹಿಡಿದು ಒಂದು ಮನೆಗೆ ಹೋದೆ. ಅವರು ನಗುತ್ತಲೇ ತಗೊಂಡರು. ಸಂಜೆ ಅದೇ ಕರ್ಚಿಕಾಯಿ ಅವರ ದನದ ಮುಂದೆ ಬಿದ್ದಿತ್ತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಮುಂದಿನ ವರ್ಷವೂ ಅದೇ ಮನೆಗೆ ತಟ್ಟೆ ಕಳಿಸಿದರು, ಅದರ ಮುಂದಿನ ವರ್ಷವೂ. ಆ ಮನೆಯ ಸೊಸೆ ಈಗ ನವೆಂಬರಿನಲ್ಲೇ ಫೋನ್ ಮಾಡಿ, ಈ ಸಲ ಹೋಳಿಗೆ ಜಾಸ್ತಿ ಕಳಿಸ್ರಿ ಅನ್ನುತ್ತಾಳೆ. ಹಾಗಾಗಿ ಆ ತಾಟು ಪಕ್ಕಕ್ಕೆ ಇಡಿ ಅಂತ ಯಾರಾದರೂ ಅಂದಾಗ ನನ್ನ ಕಣ್ಣ ಮುಂದೆ ಅಮ್ಮ ಬರುತ್ತಾರೆ. ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ನಮ್ಮಲ್ಲೇ ಎಲ್ಲರ ಊಟ ಒಂದೇ ಅಂತ ತಿಳಿಯಬೇಡಿ. ಹುಬ್ಬಳ್ಳಿಯ ರೈಲ್ವೆ ಕಡೆಯ ಗೋವಾ ಮೂಲದ ಕ್ಯಾಥೊಲಿಕರ ಮನೆಗೆ ಹೋಗಿ. 24ರ ನಡುರಾತ್ರಿಯ ಪೂಜೆ ಮುಗಿಸಿ ಬಂದು ಸೊರ್ಪೊಟೆಲ್, ಇಡ್ಲಿಯಂಥ ಸನ್ನ ತಿನ್ನುತ್ತಾರೆ. ಹಂದಿ ಮಾಂಸ, ವಿನೆಗರ್, ಮಸಾಲೆ ಹಾಕಿದ ಆ ಸೊರ್ಪೊಟೆಲ್ ಮೊದಲೇ ಮಾಡಿ ಇಟ್ಟು ದಿನಾ ಬಿಸಿ ಮಾಡುತ್ತಾ ಬಂದಷ್ಟೂ ರುಚಿ. ತೆಲುಗಿನವರ ಮನೆಯಲ್ಲಿ ಬಿರಿಯಾನಿ ಇಲ್ಲದೆ ಹಬ್ಬ ಇಲ್ಲ. ಮಂಗಳೂರಿನಿಂದ ಬಂದು ನೆಲೆಸಿದವರು ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳ ತಟ್ಟೆ ಕಳಿಸುತ್ತಾರೆ, ಅದರಲ್ಲಿ ನೆವ್ರಿ, ಕಿಡಿಯೊ, ಗುಳಿಯೊ. ನಮ್ಮ ಕರ್ಚಿಕಾಯಿಯೂ ಅವರ ನೆವ್ರಿಯೂ ಅಕ್ಕತಂಗಿಯರು. ನಮ್ಮದಕ್ಕೆ ಒಣಕೊಬ್ಬರಿ, ಪುಟಾಣಿ, ಗಸಗಸೆ, ಎಳ್ಳು, ಬೆಲ್ಲ. ಹಬ್ಬದ ಹಿಂದಿನ ವಾರ ಓಣಿಯ ಹೆಂಗಸರು ಒಬ್ಬರ ಮನೆಯಲ್ಲಿ ಸೇರಿ ಲಟ್ಟಿಸುತ್ತಾರೆ, ತುಂಬುತ್ತಾರೆ, ಕರಿಯುತ್ತಾರೆ. ಮರುದಿನ ಇನ್ನೊಬ್ಬರ ಮನೆ. ರಾತ್ರಿ ಹಾಡುತ್ತಾ ಬರುವ ಕ್ಯಾರಲ್ ಹುಡುಗರಿಗೆ ಚೂಡಾ, ಶಂಕರಪಾಳಿ, ಚಹಾ. ಇದರಲ್ಲಿ ಯಾವುದನ್ನು ಆ ವಿಡಿಯೊದ ಚೌಕಟ್ಟಿನಿಂದ ಹೊರಗೆ ಇಡುತ್ತೀರಿ?

ಈಗಿನ ಮಕ್ಕಳಿಗೆ ರೊಟ್ಟಿ, ಹೋಳಿಗೆ ಬೇಜಾರು, ಹಬ್ಬಕ್ಕೆ ಏನಾದರೂ ಬೇರೆ ಬೇಕು ಅನ್ನುತ್ತಾರೆ ಅಂತ ನನ್ನ ತಂಗಿಯೇ ವಾದ ಮಾಡುತ್ತಾಳೆ. ಮಕ್ಕಳಿಗೆ ಬೇಕಾದ್ದನ್ನು ಮಾಡಿ, ಬೇಡ ಅಂದವರು ಯಾರು. ರೋಸ್ಟ್ ಚಿಕನ್ ಮಾಡಿ, ಪಾಸ್ತಾ ಮಾಡಿ. ಆದರೆ ನನಗೆ ಗೊತ್ತಿರುವ ಮಕ್ಕಳು ಬೇಜಾರು ಅನ್ನುವುದಿಲ್ಲ, ನಾಚಿಕೆ ಪಡುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ "ವಾಟ್ಸ್ ಫಾರ್ ಕ್ರಿಸ್‌ಮಸ್ ಡಿನ್ನರ್" ಅಂತ ಕೇಳಿದರೆ ರೊಟ್ಟಿ, ಮಟನ್ ಸಾರು ಅನ್ನಲು ಬಾಯಿ ಬರುವುದಿಲ್ಲ. ನಾಚಿಕೆಯನ್ನು ಕಲಿಸಿದವರು ಯಾರು? ಪ್ರತಿ ಡಿಸೆಂಬರಿನಲ್ಲಿ ಅದೇ ಹಿಮ, ಅದೇ ಟರ್ಕಿ ತೋರಿಸುವ ಜಾಹೀರಾತುಗಳು. ಜೊತೆಗೆ ನಮ್ಮ ಮನೆಗೇ ಬಂದು ನಮ್ಮ ತಾಟನ್ನು ಸರಿಸುವ ಕ್ಯಾಮೆರಾಗಳು. ಧಾರವಾಡದಲ್ಲಿ ಡಿಸೆಂಬರ್ ಅಂದರೆ ಮೆಂತ್ಯೆ ಸೊಪ್ಪು, ಹಸಿ ಕಡಲೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ, ಸಜ್ಜೆ ರೊಟ್ಟಿ. ಊರಿಗೆಲ್ಲ ಹೊಲದಲ್ಲಿ ಹಬ್ಬ ಇರುವ ಕಾಲದಲ್ಲೇ ನಮ್ಮ ಹಬ್ಬವೂ ಬರುತ್ತದೆ. ಹಿಮ ಬೀಳದ ಊರಿನ ಊಟ ಹೀಗೆ ಇರುವುದು ಸಹಜ ಅಲ್ವಾ?

ಅದಕ್ಕೇ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಹಬ್ಬಕ್ಕೆ ಊರಿಗೆ ಬಂದಾಗ ಅಮ್ಮನ ಪಕ್ಕ ನಿಂತು ಕೇಳಿಕೊಳ್ಳಿ. ಕಣಕ ಎಷ್ಟು ನಾದಬೇಕು, ಎಷ್ಟು ಎಣ್ಣೆಯಲ್ಲಿ ನೆನೆಸಬೇಕು, ಬೇಳೆ ಬೆರಳಲ್ಲಿ ಹಿಚುಕಿದರೆ ಹೇಗೆ ಇರಬೇಕು, ಕಟ್ಟಿನ ಸಾರಿಗೆ ಹೂರಣ ಎಷ್ಟು ಬಿಡಬೇಕು. ಮಟನ್ ಸಾರಿಗೆ ಕೊಬ್ಬರಿ ಎಷ್ಟು ಸುಡುತ್ತಾರೆ ಅಂತಲೂ ನೋಡಿ, ಅದನ್ನು ಯಾರೂ ಬರೆದಿಟ್ಟಿಲ್ಲ. ಅಮ್ಮ ಇಲ್ಲದವರು ನನಗೆ ಫೋನ್ ಮಾಡಿ, ನಂಬರ್ ಇಲ್ಲದಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಸಂಜೆ ಮಾಡಿ, ಬೆಳಿಗ್ಗೆ ನಾನು ಕರ್ಚಿಕಾಯಿ ಕರಿಯುತ್ತಾ ಇರುತ್ತೇನೆ.