ಸತ್ಯಾಂಶ: ಭಾರತ ಫುಟ್‌ಬಾಲ್ ವಿಶ್ವಕಪ್ ಆಡಿಯೇ ಇಲ್ಲವೇ?

ಭಾರತ ಇದುವರೆಗೆ ಒಂದೇ ಒಂದು ಫುಟ್‌ಬಾಲ್ ವಿಶ್ವಕಪ್ ಪಂದ್ಯವನ್ನೂ ಆಡಿಲ್ಲ ಎನ್ನುವ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಹಿರಿಯರ ತಂಡಗಳ ಮಟ್ಟಿಗೆ ಮಾತು ನಿಜ. ಕಿರಿಯರನ್ನು ಲೆಕ್ಕದಿಂದ ಬಿಟ್ಟದ್ದು ತಪ್ಪು.

2017ರಲ್ಲಿ 17 ವರ್ಷದೊಳಗಿನ ಹುಡುಗರ ವಿಶ್ವಕಪ್ ನಡೆದದ್ದೇ ನಮ್ಮ ದೇಶದಲ್ಲಿ. 24 ತಂಡ, ಆರು ನಗರ. ಬೆಂಗಳೂರಿನಲ್ಲಿ ಪಂದ್ಯಗಳಿರಲಿಲ್ಲ, ನಮ್ಮವರಲ್ಲಿ ಅನೇಕರಿಗೆ ಅದು ನೆನಪಿಲ್ಲದಿರಲು ಬಹುಶಃ ಅದೂ ಕಾರಣ. ಆತಿಥೇಯರಾದ್ದರಿಂದ ಭಾರತಕ್ಕೆ ನೇರ ಪ್ರವೇಶ ಸಿಕ್ಕಿತ್ತು. ದೆಹಲಿಯಲ್ಲಿ ಆಡಿದ ಮೂರೂ ಪಂದ್ಯ ಸೋತರೂ, ಕೊಲಂಬಿಯಾ ವಿರುದ್ಧ 82ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ತಲೆಕೊಟ್ಟು ಗಳಿಸಿದ ಗೋಲು ಸ್ಕೋರನ್ನು 1-1ಕ್ಕೆ ತಂದಿತು. ಕ್ರೀಡಾಂಗಣದ ಸಂಭ್ರಮ ಇಳಿಯುವ ಮೊದಲೇ ಕೊಲಂಬಿಯಾ ಇನ್ನೊಂದು ಹೊಡೆಯಿತು, ಅದು ಬೇರೆ ಮಾತು. 2022ರಲ್ಲಿ ಇದೇ ವಯೋಮಿತಿಯ ಹುಡುಗಿಯರೂ ಭುವನೇಶ್ವರದಲ್ಲಿ ವಿಶ್ವಕಪ್ ಆಡಿದರು.

ಇಂಥ ಸಂದೇಶ ಬಂದಾಗ ಮೊದಲು ನೋಡಬೇಕಾದದ್ದು ಅದರಲ್ಲಿ ವಯೋಮಿತಿ, ವರ್ಷ ಹೇಳಿದೆಯೇ ಎಂದು. ಆಮೇಲೆ ಆ ಟೂರ್ನಿಯ ಅಧಿಕೃತ ಜಾಲತಾಣದಲ್ಲಿ ಪಂದ್ಯದ ವರದಿ ತೆರೆದರಾಯಿತು: ದಿನಾಂಕ, ಸ್ಕೋರು, ಗೋಲಿನ ನಿಮಿಷ ಎಲ್ಲವೂ ಅಲ್ಲಿರುತ್ತದೆ. 2017 ಮತ್ತು 2022ರ ಅಕ್ಟೋಬರ್ ತಿಂಗಳ ಪತ್ರಿಕೆಗಳ ಕ್ರೀಡಾಪುಟ ತಿರುವಿದರೂ ಸಾಕು.