ಬೇಗ ಸಾಲ ತೀರಿಸಿ ಬ್ಯಾಂಕಿನ ಮನಸ್ಸು ನೋಯಿಸಬೇಡಿ

ಗೃಹಸಾಲ ತಗೊಂಡವನಿಗೆ ಇರುವ ಮರ್ಯಾದೆ ಅದನ್ನು ತೀರಿಸಿದವನಿಗೆ ಇಲ್ಲ. ಸಾಲ ಮಂಜೂರಾದ ದಿನ ಬ್ಯಾಂಕಿನವರು ಕೈ ಕುಲುಕುತ್ತಾರೆ. ರಟ್ಟಿನಲ್ಲಿ ಕತ್ತರಿಸಿದ ದೊಡ್ಡ ಬೀಗದ ಕೈ ಹಿಡಿಸಿ ಫೋಟೋ ತೆಗೆಯುತ್ತಾರೆ. 'ಅಂತೂ ಒಂದು ದಡ ಸೇರಿದೆಯಪ್ಪ' ಅಂತ ನೆಂಟರು ಬೆನ್ನು ತಟ್ಟುತ್ತಾರೆ. ದಡ ಎಲ್ಲಿಂದ ಬಂತು? ಅವನು ನೀರಿಗೆ ಇಳಿದದ್ದೇ ಈಗ. ಅದೇ ಮನುಷ್ಯ ಇಪ್ಪತ್ತು ವರ್ಷದ ಸಾಲವನ್ನು ಅರ್ಧ ಅವಧಿಯಲ್ಲೇ ಕಟ್ಟಿ ಮುಗಿಸಲಿ, ಒಬ್ಬರೂ ಫೋಟೋ ತೆಗೆಯುವುದಿಲ್ಲ. ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, 'ಯಾಕೋ, ಏನಾದ್ರೂ ತೊಂದ್ರೆನಾ?' ಅಂತ ಕೇಳುತ್ತಾರೆ.

ನನ್ನ ಗೆಳೆಯನೊಬ್ಬ ಇಂಥ ಕೆಲಸ ಮಾಡಿ ಸಿಕ್ಕಿಬಿದ್ದ. ಬೋನಸ್ ಬಂದರೆ ಸಾಲಕ್ಕೆ ಜಮಾ. ಸಂಬಳ ಏರಿದರೆ ಕಂತೂ ಏರಿಸುತ್ತಿದ್ದ. ಕಾರು ಹಳೆಯದು, ಸೋಫಾ ಅದಕ್ಕಿಂತ ಹಳೆಯದು. ಸಂಜೆ ಆ ಸೋಫಾದ ಕುಸಿದ ಮೂಲೆಯಲ್ಲೇ ಕೂತು ಮಗಳ ಜೊತೆ ಕೇರಂ ಆಡುತ್ತಿದ್ದ. ಆಫೀಸಿನಲ್ಲಿ ಅವನ ಬಗ್ಗೆ ಎಲ್ಲರಿಗೂ ಮರುಕ. 'ಒಳ್ಳೆ ಹುಡುಗ ಪಾಪ, ದುಡ್ಡಿನ ವಿಷಯ ಮಾತ್ರ ತಲೆಗೆ ಹತ್ತಲ್ಲ' ಅನ್ನುತ್ತಿದ್ದರು. ಹೀಗೆ ಅನ್ನುತ್ತಿದ್ದವರ ಫೋನು ಕೂಡ ಕಂತಿನದ್ದು.

ಕೊನೆಗೆ ಒಂದು ದಿನ ಅವನು ಬ್ಯಾಂಕಿಗೆ ಹೋದ.

'ಸರ್, ಲೋನ್ ಕ್ಲೋಸ್ ಮಾಡ್ಬೇಕಿತ್ತು.'

'ಯಾಕೆ ಸರ್, ನಮ್ಮ ಸರ್ವಿಸ್ ಸರಿ ಇಲ್ವಾ?'

'ಚೆನ್ನಾಗಿದೆ ಸರ್. ದುಡ್ಡಿದೆ, ಕಟ್ಬಿಡೋಣ ಅಂತ.'

'ಬೇರೆ ಬ್ಯಾಂಕಿಗೆ ಹೋಗ್ತಿದೀರಾ? ಹೇಳಿ, ಬಡ್ಡಿ ಸ್ವಲ್ಪ ಇಳಿಸಿಕೊಡೋಣ.'

'ಎಲ್ಲೂ ಹೋಗ್ತಿಲ್ಲ. ಸಾಲಾನೇ ಬೇಡ.'

ಆ ಅಧಿಕಾರಿ ಪೆನ್ನು ಕೆಳಗಿಟ್ಟು ಇವನನ್ನೇ ನೋಡಿದರಂತೆ. ಆಮೇಲೆ ಒಂದು ಫಾರಂ ಕೊಟ್ಟರು. ಸಾಲ ಮುಗಿಸಲು ಕಾರಣ ಏನು ಅಂತ ಅದರಲ್ಲಿ ಒಂದು ಕಾಲಂ. ಬೇರೆ ಬ್ಯಾಂಕಿಗೆ ವರ್ಗಾವಣೆ, ಆಸ್ತಿ ಮಾರಾಟ, ಸಾಲಗಾರರ ಮರಣ, ಇತರೆ. ದುಡ್ಡಿತ್ತು, ಕಟ್ಟಿದೆ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಇಸ್ಕೊಂಡ ಸಾಲ ವಾಪಸ್ ಕೊಡುವುದು ಸಾವಿಗಿಂತ ಅಪರೂಪ ಅಂತ ಫಾರಂ ಅಚ್ಚು ಹಾಕಿಸಿದವರು ಲೆಕ್ಕ ಹಾಕಿದ್ದಿರಬೇಕು. ಗೆಳೆಯ 'ಇತರೆ'ಗೆ ಟಿಕ್ ಹಾಕಿ ಬಂದ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವ ಗಾದೆ ಕೈಗಡದ ಕಾಲದ್ದು. ಗೃಹಸಾಲದಲ್ಲಿ ಕೊಟ್ಟವನೇ ಈರಭದ್ರ. ಬೇಗ ವಾಪಸ್ ಕೊಟ್ಟವನು ಕೋಡಂಗಿ.

ಬ್ಯಾಂಕಿನ ಬೇಸರಕ್ಕೂ ಅರ್ಥ ಇದೆ ಅನ್ನಿ. ಶೇ 9ರ ಬಡ್ಡಿಗೆ ಇಪ್ಪತ್ತು ವರ್ಷದ ಸಾಲ ತಗೊಳ್ಳಿ. ಮೊದಲ ಕಂತಿನಲ್ಲಿ ನೀವು ಕೊಡುವ ಪ್ರತಿ ನೂರರಲ್ಲಿ 83 ಬಡ್ಡಿಗೆ ಹೋಗುತ್ತದೆ. ಅಸಲಿಗೆ ಬರೀ 17. ಒಂದು ವರ್ಷ ಪೂರ್ತಿ ತಪ್ಪದೆ ಕಟ್ಟಿ, ಸ್ಟೇಟ್‌ಮೆಂಟ್ ತರಿಸಿ ನೋಡಿದರೆ ಅಸಲು ಶೇ 2ರಷ್ಟೂ ಇಳಿದಿರುವುದಿಲ್ಲ. ಅರ್ಧ ಅಸಲು ತೀರುವುದು ಹತ್ತನೇ ವರ್ಷಕ್ಕೆ ಅಂದುಕೊಂಡಿರಾ? ಹದಿನಾಲ್ಕನೇ ವರ್ಷಕ್ಕೆ. ಇದರಲ್ಲಿ ಮೋಸ ಏನೂ ಇಲ್ಲ. ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದು, ಅಷ್ಟೇ. ಆದರೆ ಇದೇ ಲೆಕ್ಕ ತಿರುಗಿಸಿದರೆ ಒಂದು ತಮಾಷೆ ಇದೆ. ಶುರುವಿನಲ್ಲೇ ಒಂದು ಕಂತು ಜಾಸ್ತಿ ಕಟ್ಟಿ, ಅವಧಿ ಕಡಿಮೆ ಮಾಡಿ ಅಂದರೆ, ಕೊನೆಯ ಆರು ಕಂತು ಹೆಚ್ಚುಕಡಿಮೆ ಮಾಯ. ವರ್ಷಕ್ಕೊಂದರಂತೆ ಜಾಸ್ತಿ ಕಟ್ಟುತ್ತಾ ಹೋದರೆ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಹೊಸ ಸಾಲದ ಜಾಹೀರಾತು ದಿನಾ ಬರುತ್ತೆ, ಈ ಲೆಕ್ಕ ಮಾತ್ರ ನಾವೇ ಕೂತು ಹಾಕ್ಕೋಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ 'ಸಾಲ ಪಡೆಯಿರಿ' ಅನ್ನುವುದು ಕಣ್ಣಿಗೆ ಕುಕ್ಕುವ ಬಣ್ಣದಲ್ಲಿ ಮುಂದೆಯೇ ಇರುತ್ತದೆ. ಕಟ್ಟಿ ಮುಗಿಸುವ ದಾರಿ ಮೂರು ಮೆನು ಒಳಗೆ. ಅಲ್ಲಿಗೆ ಹೋದರೆ 'ಶಾಖೆಯನ್ನು ಸಂಪರ್ಕಿಸಿ'.

ಜಗತ್ತು ಈಗ ಸಾಲವನ್ನು ಚಿಕ್ಕದು ಮಾಡುವುದು ಬಿಟ್ಟು ಉದ್ದ ಮಾಡುವುದರಲ್ಲಿ ಮುಳುಗಿದೆ. 1930ರ ದಶಕಕ್ಕೆ ಮೊದಲು ಅಮೆರಿಕದಲ್ಲಿ ಗೃಹಸಾಲ ಅಂದರೆ ಐದು, ಹತ್ತು ವರ್ಷದ ಮಾತು. ಆಮೇಲೆ ಇಪ್ಪತ್ತಾಯಿತು, ಮೂವತ್ತಾಯಿತು. 2025ರ ನವೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಐವತ್ತು ವರ್ಷದ ಸಾಲದ ಮಾತು ತೇಲಿಬಿಟ್ಟರು. ಜನರಿಗೆ ಕಂತು ಹಗುರ ಆಗಲಿ ಅನ್ನುವ ಕರುಣೆ. ಎಷ್ಟು ಹಗುರ? ಶೇ 6ರ ಬಡ್ಡಿಯಲ್ಲಿ ಮೂವತ್ತನ್ನು ಐವತ್ತು ಮಾಡಿದರೆ ಕಂತು ಶೇ 12ರಷ್ಟು ಇಳಿಯುತ್ತದೆ. ಒಟ್ಟು ಬಡ್ಡಿ ಸಾಲದ 1.16 ಪಟ್ಟು ಇದ್ದದ್ದು 2.16 ಪಟ್ಟಿಗೆ ಏರುತ್ತದೆ. ಮೊದಲ ಕಂತಿನ ನೂರರಲ್ಲಿ 95 ಬಡ್ಡಿ. ಅರ್ಧ ಅಸಲು ತೀರುವ ಹೊತ್ತಿಗೆ 39 ವರ್ಷ ಕಳೆದಿರುತ್ತದೆ. ಮೂವತ್ತನೇ ವಯಸ್ಸಿಗೆ ಸಾಲ ತಗೊಂಡವನು ಅರವತ್ತೊಂಬತ್ತಕ್ಕೆ 'ಅರ್ಧ ಮನೆ ನಂದು' ಅನ್ನಬಹುದು. ಯಾವ ಅರ್ಧ ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು. ಮೆಟ್ಟಿಲು ಹತ್ತಲು ಆಗದ ವಯಸ್ಸಿನಲ್ಲಿ ಮಹಡಿ ಪಾಲಿಗೆ ಬಂದರೆ ಕಷ್ಟ.

ಜಪಾನಿನವರು ಈ ವಿಷಯದಲ್ಲಿ ಮುಂದಿದ್ದಾರೆ. ಐವತ್ತು ವರ್ಷದ ಸಾಲ ಅಲ್ಲಿ ಈಗಾಗಲೇ ಇದೆ. ಅಪ್ಪ ಕಟ್ಟುತ್ತಾ ಕಟ್ಟುತ್ತಾ ಸುಸ್ತಾದ ಮೇಲೆ ಮಗ ಮುಂದುವರಿಸುವ ರಿಲೇ ಸಾಲವೂ ಇದೆ. ಸ್ವೀಡನ್ನಿನ ಕಥೆ ನನಗೆ ಇನ್ನೂ ಇಷ್ಟ. ಅಲ್ಲಿ ಬಹಳ ಜನ ಬಡ್ಡಿ ಮಾತ್ರ ಕಟ್ಟಿಕೊಂಡು ಆರಾಮಾಗಿದ್ದರು. ಅಸಲಿನ ತಂಟೆಗೇ ಹೋಗುತ್ತಿರಲಿಲ್ಲ. ಕೊನೆಗೆ 2016ರ ಜೂನ್‌ನಲ್ಲಿ ಒಂದು ನಿಯಮವೇ ಬಂತು. ಹೊಸದಾಗಿ ಸಾಲ ತಗೊಳ್ಳುವವರಲ್ಲಿ, ಮನೆಯ ಬೆಲೆಯ ಅರ್ಧಕ್ಕಿಂತ ಜಾಸ್ತಿ ಸಾಲ ಇರುವವರು ವರ್ಷಕ್ಕೆ ಕನಿಷ್ಠ ಶೇ 1, ಶೇ 70ಕ್ಕಿಂತ ಜಾಸ್ತಿ ಇರುವವರು ಶೇ 2 ಅಸಲು ತೀರಿಸಲೇಬೇಕು ಅಂತ. ಸಾಲ ಅಂದರೆ ವಾಪಸ್ ಕೊಡುವಂಥದ್ದು ಅಂತ ಸರ್ಕಾರ ಬರೆದು ತಿಳಿಸಬೇಕಾಯಿತು!

ಇನ್ನು ತಾನಾಗಿಯೇ ಬೇಗ ಕಟ್ಟಲು ಹೊರಟವನ ಪಾಡು. ಜರ್ಮನಿಯಲ್ಲಿ ನಿಗದಿತ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ಮುಗಿಸಿದರೆ ಬ್ಯಾಂಕಿಗೆ ನಷ್ಟ ಪರಿಹಾರ ಕೊಡಬೇಕು. ಹತ್ತು ವರ್ಷ ಕಾದರೆ, ಆರು ತಿಂಗಳು ಮುಂಚೆ ನೋಟಿಸ್ ಕೊಟ್ಟು ಬಿಡಿಸಿಕೊಳ್ಳಬಹುದು. ಮನೆ ಖಾಲಿ ಮಾಡಲು ನೋಟಿಸ್ ಕೊಡುವುದು ಕೇಳಿದ್ದೇವೆ. ಇದು ಮನೆ ಸ್ವಂತ ಮಾಡಿಕೊಳ್ಳುವುದಕ್ಕೆ ನೋಟಿಸ್. ಭಾರತದಲ್ಲೂ ಹಿಂದೆ ದಂಡ ಇತ್ತು. ಬದಲಾಗುವ ಬಡ್ಡಿಯ ಗೃಹಸಾಲ ಬೇಗ ತೀರಿಸಿದವರಿಂದ ಬ್ಯಾಂಕುಗಳು ದಂಡ ವಸೂಲಿ ಮಾಡಬಾರದು ಅಂತ 2012ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ದುಡ್ಡೆಲ್ಲ ಕಟ್ಟಿಯಾದ ಮೇಲೂ ಮನೆಯ ಪತ್ರ ವಾಪಸ್ ಬರುವ ಖಾತ್ರಿ ಇರಲಿಲ್ಲ. 2023ರಲ್ಲಿ ಇನ್ನೊಂದು ಆದೇಶ ಹೊರಡಿಸಬೇಕಾಯಿತು: ಪೂರ್ತಿ ಕಟ್ಟಿದ 30 ದಿನದೊಳಗೆ ಪತ್ರ ಕೊಡಿ, ನಿಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಗ್ರಾಹಕನಿಗೆ ಕೊಡಿ. ನಾವು ಕಂತು ಒಂದು ದಿನ ತಡ ಮಾಡಿದರೆ ಎಚ್ಚರಿಸಲು ಕಂಪ್ಯೂಟರ್ ಇದೆ. ನಮ್ಮ ಪತ್ರ ಹುಡುಕಲು ಮಾತ್ರ ಗೋಡೌನಿಗೆ ಮನುಷ್ಯ ಹೋಗಬೇಕು, ಆ ಮನುಷ್ಯ ರಜೆಯಲ್ಲಿರುತ್ತಾನೆ.

ಬ್ಯಾಂಕಿಗಿಂತ ಹೆಚ್ಚು ನೋಯುವವರು ತಜ್ಞರು. ಇವರ ಪ್ರಕಾರ ಗೃಹಸಾಲ 'ಒಳ್ಳೆ ಸಾಲ'. ಅದನ್ನು ತೀರಿಸುವುದು ಅವಿವೇಕ. ಆ ದುಡ್ಡನ್ನು ಷೇರು ಮಾರುಕಟ್ಟೆಗೆ ಹಾಕಿದರೆ ಶೇ 12 ಬರುತ್ತದಂತೆ. ಬಂದೇ ಬರುತ್ತಾ ಅಂತ ಕೇಳಿ ನೋಡಿ. ಜಾಹೀರಾತಿನ ಕೊನೆಯಲ್ಲಿ ಒಬ್ಬ ಉಸಿರು ಬಿಡದೆ ಓದುತ್ತಾನಲ್ಲ, ಅದೇ ಉತ್ತರ. ಸಾಲಕ್ಕೆ ಕಟ್ಟಿದ ದುಡ್ಡು ಉಳಿಸುವ ಶೇ 9 ಮಾತ್ರ ಖಚಿತ, ಅದಕ್ಕೆ ಯಾರೂ ಉಸಿರು ಕಟ್ಟಿ ಎಚ್ಚರಿಕೆ ಓದಬೇಕಿಲ್ಲ. ತಜ್ಞರ ಮಾತು ಪೂರ್ತಿ ಸುಳ್ಳಲ್ಲ. ಬಡ್ಡಿ ತೀರಾ ಕಡಿಮೆ ಇದ್ದರೆ ಲೆಕ್ಕ ಅವರ ಕಡೆಗೇ ವಾಲುತ್ತದೆ. ಕೆಲಸ ಹೋದ ತಿಂಗಳು ಗೋಡೆಯಿಂದ ಇಟ್ಟಿಗೆ ಕಿತ್ತು ಖರ್ಚು ಮಾಡಲೂ ಆಗುವುದಿಲ್ಲ, ಕೈಯಲ್ಲಿ ಒಂದಿಷ್ಟು ಇರಬೇಕು. ಆದರೆ ಇವರು ಸಾಲ ಇಟ್ಟುಕೊಳ್ಳುವುದನ್ನೇ ಒಂದು ವಿದ್ಯೆ ಅಂತ ಸಾರುವುದಿದೆಯಲ್ಲ, ಅದು ನೋಡಲು ಚೆಂದ. ಅದಕ್ಕೆ ಪದವಿ ಪ್ರದಾನವೂ ಇದೆ, ಕ್ರೆಡಿಟ್ ಸ್ಕೋರ್ ಅಂತ. ನಿಮ್ಮನ್ನು ನಂಬಿ ಸಾಲ ಕೊಡಬಹುದಾ ಅಂತ ಅಳೆಯುವ ಅಂಕ. ಕಂತಿನ ಸಾಲ ಅಂತ ಇರುವುದೇ ಒಂದು, ಅದನ್ನೂ ತೀರಿಸಿದರೆ ಕೆಲವೊಮ್ಮೆ ಆ ಸ್ಕೋರ್ ಸ್ವಲ್ಪ ಇಳಿಯುತ್ತದೆ. ಸಾಲ ವಾಪಸ್ ಮಾಡುವವನು ಅಂತ ಸಾಬೀತಾದ ತಕ್ಷಣ ನಂಬಿಕೆ ಕಡಿಮೆ!

ಇಷ್ಟೆಲ್ಲ ಆಗುತ್ತಿರುವುದು ಒಂದು ಮನೆಗೋಸ್ಕರ. ಆ ಮನೆಯಲ್ಲಿ ಯಾರಿದ್ದಾರೆ? ಹಗಲು ನೋಡಿದರೆ ಬೀಗ. ಮಾಲೀಕರಿಬ್ಬರೂ ಕಂತಿಗೆ ದುಡಿಯಲು ಹೋಗಿರುತ್ತಾರೆ. ಬಾಲ್ಕನಿ ಇದೆ ಅಂತಲೇ ಜಾಸ್ತಿ ಕೊಟ್ಟು ತಗೊಂಡದ್ದು, ಅಲ್ಲಿ ಒಗೆದ ಬಟ್ಟೆ ಮಾತ್ರ ಗಾಳಿ ತಗೊಳ್ಳುತ್ತದೆ. ಜ್ವರ ಬಂದು ರಜೆ ಹಾಕಿದ ದಿನ ಒಬ್ಬರಿಗೆ ಗೊತ್ತಾಯಿತಂತೆ, ಮಧ್ಯಾಹ್ನ ಮೂರಕ್ಕೆ ಹಾಲ್‌ನ ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಉದ್ದಕ್ಕೆ ಬೀಳುತ್ತದೆ ಅಂತ. ಮನೆಗೆಲಸದವರನ್ನು ಕೇಳಿದರೆ, 'ದಿನಾ ಬೀಳುತ್ತಲ್ಲ ಸರ್' ಅಂದರಂತೆ.

ಹಾಗಂತ ಬೇಗ ತೀರಿಸುವವರೆಲ್ಲ ನನ್ನ ಗೆಳೆಯನ ಹಾಗಿಲ್ಲ. ಅವರಲ್ಲೂ ಒಂದು ಪಂಥ ಇದೆ. ಸಾಲ ತೀರುವ ತನಕ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಲ್ಬ್ ಉರಿಯುವಂತಿಲ್ಲ, ನೆಂಟರು ಬರುವಂತಿಲ್ಲ. ಎಕ್ಸೆಲ್ ಹಾಳೆಯಲ್ಲಿ ಬಾಕಿ ಇಳಿಯುವುದನ್ನು ನೋಡುವುದೇ ಮನರಂಜನೆ. ಮಗ ಸೈಕಲ್ ಕೇಳಿದರೆ, ಅದನ್ನು ತಗೊಂಡರೆ ಸಾಲ ಎಷ್ಟು ದಿನ ಮುಂದೆ ಹೋಗುತ್ತೆ ಅಂತ ಅಪ್ಪ ತೋರಿಸುತ್ತಾರೆ. ಸಾಲ ಮುಗಿಯುವ ಹೊತ್ತಿಗೆ ಮಗ ದೊಡ್ಡವನಾಗಿ, ಬೇರೆ ಊರಿಗೆ ಹೋಗಿ, ತಾನೂ ಒಂದು ಗೃಹಸಾಲ ತಗೊಂಡಿರುತ್ತಾನೆ. ಇವರ ಮನೆಯಲ್ಲಿ ಉಳಿಯುವುದು ಎರಡು ಕುರ್ಚಿ ಮತ್ತು ಸಾಲ ತೀರಿದ ಪತ್ರ. ಅದನ್ನು ಗೋಡೆಗೆ ಹಾಕೋಣ ಅಂದರೆ ಮೊಳೆ ಇಲ್ಲ.

ನನ್ನ ಸಾಲ ಇನ್ನೂ ನಡೆಯುತ್ತಿದೆ. ಹಾಗಾಗಿ ನ್ಯಾಯವಾಗಿ ಒಂದು ಬೇಡಿಕೆ ಇಟ್ಟೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು. ಸ್ಟೇಟ್‌ಮೆಂಟ್ ಪ್ರಕಾರ ಮನೆಯ ಬಹುಪಾಲು ಇನ್ನೂ ನಿಮ್ಮದೇ, ಆದ್ದರಿಂದ ವಾಷರಿನ ಬಹುಪಾಲನ್ನು ನೀವೇ ಹಾಕಿಸಿಕೊಡಿ ಅಂತ ಬ್ಯಾಂಕಿಗೆ ಬರೆದೆ. ಮಾರನೇ ದಿನವೇ ಫೋನ್ ಬಂತು. ಬಹಳ ವಿನಯದ ಹುಡುಗಿ. 'ಸರ್, ಮನೆ ರಿಪೇರಿಗೆ ನಿಮಗೆ ಟಾಪ್‌ಅಪ್ ಲೋನ್ ಅಪ್ರೂವ್ ಆಗಿದೆ. ಹದಿನೈದು ವರ್ಷದಲ್ಲಿ ಆರಾಮಾಗಿ ಕಟ್ಟಬಹುದು.'

'ವಾಷರ್ ಅಷ್ಟು ವರ್ಷ ಬಾಳಿಕೆ ಬರುತ್ತೇನಮ್ಮಾ?' ಅಂದೆ.

'ಅದಕ್ಕೆ ಇನ್ಶೂರೆನ್ಸ್ ಇದೆ ಸರ್' ಅಂದಳು.