ಮಗಳ ಬುದ್ಧಿಯನ್ನು ಅಳೆಸುವ ಮುನ್ನ

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಮಾವನವರದು ತೊಗರಿಯ ಅಡತಿ ಅಂಗಡಿ. ಮಗಳಿಗೆ ನಾಲ್ಕೂವರೆ ವರ್ಷವಿದ್ದಾಗ ಒಂದು ಮಧ್ಯಾಹ್ನ ಅವರು ಚೀಲಗಳ ಲೆಕ್ಕವನ್ನು ಚೀಟಿಯ ಮೇಲೆ ಬರೆದುಕೊಂಡು ಬಾಯಿಬಿಟ್ಟು ಕೂಡಿಸುತ್ತಿದ್ದರು: ಹದಿನೇಳು, ಇಪ್ಪತ್ತಾರು, ಒಂಬತ್ತು, ಒಟ್ಟು ಐವತ್ತೊಂದು. ತಕ್ಕಡಿಯ ಪಕ್ಕ ಉದುರಿದ್ದ ಕಾಳುಗಳನ್ನು ಸಾಲಾಗಿ ಜೋಡಿಸುತ್ತಿದ್ದ ಹುಡುಗಿ ತಲೆಯನ್ನೂ ಎತ್ತದೆ, "ಐವತ್ತೆರಡು ಆಗ್ತದ ಮುತ್ಯಾ" ಎಂದಳು. ಅವರು ಇನ್ನೊಮ್ಮೆ ಕೂಡಿಸಿ ನೋಡಿ, ಚೀಟಿ ತಿದ್ದಿ, ನನ್ನ ಕಡೆ ತಿರುಗಿ, "ಯಾರ ಮುಂದೂ ಹೇಳಬ್ಯಾಡವ್ವಾ, ದೃಷ್ಟಿ ತಾಗ್ತದ" ಎಂದರು.

ನಾನು ಹೇಳದೆ ಇರಲಿಲ್ಲ. ಹೇಳಿದ ಮೇಲೆ ಕೇಳಿಬಂದ ಸಲಹೆ ಒಂದೇ: ಮಗುವಿನ ಬುದ್ಧಿ ಎಷ್ಟೆಂದು ಅಂಕಿಯಲ್ಲಿ ಹೇಳುವ ಐಕ್ಯೂ ಪರೀಕ್ಷೆ ಮಾಡಿಸಿ. ಊರಿನ ಒಂದು ಕೇಂದ್ರದವರು ಹತ್ತು ಬೆರಳುಗಳ ಗುರುತು ಪಡೆದು, ಮಗು ಮುಂದೆ ಏನಾಗುವಳೆಂದು ಬಣ್ಣದ ಪುಟಗಳಲ್ಲಿ ಅಚ್ಚುಹಾಕಿ ಕೊಟ್ಟರು. ಬೆರಳಿನ ಗೆರೆಗೂ ಬುದ್ಧಿಗೂ ವೈಜ್ಞಾನಿಕ ನಂಟಿಲ್ಲವೆಂಬುದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಹೊಳೆದದ್ದು ಹಣ ಕಟ್ಟಿದ ಮೇಲೆ. ಆ ನಾಚಿಕೆಯೇ ನನ್ನನ್ನು ಓದಲು ಹಚ್ಚಿತು.

ಬುದ್ಧಿಶಕ್ತಿಯನ್ನು ಅಳೆಯುವ ಮೊದಲ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ರೂಪಿಸಿದ್ದು ಜಾಣ ಮಕ್ಕಳನ್ನು ಆರಿಸುವುದಕ್ಕಲ್ಲ, ಶಾಲೆಯಲ್ಲಿ ಹೆಚ್ಚಿನ ನೆರವು ಯಾರಿಗೆ ಬೇಕೆಂದು ತಿಳಿಯುವುದಕ್ಕೆ. ಅದು ಅಮೆರಿಕಕ್ಕೆ ಹೋಗಿ ಪರಿಷ್ಕಾರಗೊಂಡ ಮೇಲೆ, 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಅದನ್ನು ಮಾರ್ಪಡಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿದೆ, ಮೂರು ವರ್ಷದ ಮಗುವಿಗೂ ಮಾಡಬಹುದು.

ಅಲ್ಲಿಯ ಲೆಕ್ಕವನ್ನು ತಂದೆತಾಯಂದಿರು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರಂತೆ ಉತ್ತರಿಸುತ್ತದೋ ಅದನ್ನು, ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಐದು ವರ್ಷದ ಮಗು ಏಳರ ಮಗುವಿನಂತೆ ಉತ್ತರಿಸಿದರೆ 140. ಹತ್ತು ವರ್ಷದ ಮಗು ಹನ್ನೆರಡರಂತೆ ಉತ್ತರಿಸಿದರೆ 120. ಮುಂದಿರುವುದು ಇಬ್ಬರೂ ಎರಡೇ ವರ್ಷ. ಅಂಕಿಯಲ್ಲಿ ಮಾತ್ರ ಇಪ್ಪತ್ತರ ಅಂತರ. ಸಾಲದ್ದಕ್ಕೆ, ಬುದ್ಧಿಶಕ್ತಿಯ ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದಂತೆ, ಹಳೆಯ ಮಾನದಂಡಕ್ಕೆ ಹೊಸ ತಲೆಮಾರಿನ ಮಕ್ಕಳನ್ನು ಹಚ್ಚಿ ನೋಡಿದರೆ ಹತ್ತು ವರ್ಷಕ್ಕೆ ಸುಮಾರು 3ರಂತೆ ಅಂಕ ತಾನಾಗಿಯೇ ಉಬ್ಬುತ್ತದೆ. ಹೊಸ ಪರೀಕ್ಷೆಗಳು ಹೀಗೆ ಭಾಗಿಸುವುದಿಲ್ಲ, ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದಿಟ್ಟುಕೊಂಡು ಹೋಲಿಸುತ್ತವೆ. ಅಲ್ಲಿ 130 ದಾಟುವವರು ನೂರಕ್ಕೆ ಇಬ್ಬರು. ಹೀಗಿರುವಾಗ ನಾಲ್ಕೈದು ವರ್ಷದ ಮಗುವಿನ 140ನ್ನು ವಾಟ್ಸ್ಯಾಪ್ ಸ್ಟೇಟಸ್‌ಗೆ ಏರಿಸುವವರನ್ನು ಕಂಡರೆ ನನಗೆ ಮಗುವಿನ ಬಗ್ಗೆಯೇ ಮರುಕ ಹುಟ್ಟುತ್ತದೆ. ಆ ವಯಸ್ಸಿನಲ್ಲಿ ನಿದ್ದೆ, ಹಸಿವು, ಅಪರಿಚಿತರ ಮುಂದಿನ ಸಂಕೋಚ, ಎಲ್ಲವೂ ಅಂಕವನ್ನು ಅಲ್ಲಾಡಿಸುತ್ತವೆ.

ಆದ್ದರಿಂದ ನಾನು ನನಗೇ ಒಂದು ಪ್ರಶ್ನೆ ಹಾಕಿಕೊಂಡೆ: ಅಂಕಿ ಬಂದರೆ ನಾಳೆ ಬೆಳಿಗ್ಗೆ ನಾವು ಮಾಡುವ ಯಾವ ಕೆಲಸ ಬದಲಾಗುತ್ತದೆ? ಆಗ ಉತ್ತರ ಇರಲಿಲ್ಲ. ಒಂದನೆಯ ತರಗತಿಗೆ ಇಷ್ಟು ವಯಸ್ಸು ತುಂಬಿರಬೇಕೆಂಬ ನಿಯಮವನ್ನು ಯಾವ ಅಂಕಿಯೂ ಸಡಿಲಿಸುವುದಿಲ್ಲ. ಪುಸ್ತಕ ಕೊಡಲು, ಗಂಜಿಗೆ ಕರೆದೊಯ್ಯಲು, ವಾಡಿಯ ಕಡೆ ಹೋಗುವ ಗಾಡಿಯ ಕಿಟಕಿಯಲ್ಲಿ ಕೂರಿಸಿ ನಿಲ್ದಾಣದ ಹೆಸರುಗಳನ್ನು ಮೂರು ಲಿಪಿಯಲ್ಲಿ ಓದಿಸಲು ಪ್ರಮಾಣಪತ್ರ ಬೇಕಿಲ್ಲ.

ಪರೀಕ್ಷೆಯಿಂದಲೇ ಉತ್ತರ ಸಿಗಬೇಕಾದ ಪ್ರಶ್ನೆ ಹುಟ್ಟಿದ್ದು ಒಂದನೆಯ ತರಗತಿಯಲ್ಲಿ. ದೀಪಾವಳಿ ರಜೆ ಮುಗಿದ ಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಬಾಯಲ್ಲಿ ಎಲ್ಲವನ್ನೂ ಹೇಳುವ ಹುಡುಗಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದು ಪೆನ್ಸಿಲ್ ಕೆಳಗಿಡುತ್ತಿದ್ದಳು. ಶಿಕ್ಷಕಿ ಅದನ್ನು ಸೊಕ್ಕು ಎಂದರು, ನಾನು ಬೇಸರ ಎಂದೆ. ಇಬ್ಬರಲ್ಲಿ ಯಾರು ಸರಿ ಎಂಬುದರ ಮೇಲೆ ಮುಂದಿನ ದಾರಿ ನಿಂತಿತ್ತು. ಮೊದಲು ಕಣ್ಣು, ಕಿವಿ ತೋರಿಸಿದೆವು, ಎರಡೂ ಚೆನ್ನಾಗಿದ್ದವು. ಆಮೇಲಷ್ಟೇ, ಆರು ವರ್ಷ ಎಂಟು ತಿಂಗಳಿಗೆ, ಬೆಂಗಳೂರಿನ ಮನಃಶಾಸ್ತ್ರಜ್ಞೆಯೊಬ್ಬರ ಬಳಿ ಹೋದೆವು. ರಾತ್ರಿಯ ರೈಲಿನಲ್ಲಿ ಬಂದ ಮಗುವನ್ನು ಅದೇ ಬೆಳಿಗ್ಗೆ ಪರೀಕ್ಷೆಗೆ ಕೂರಿಸಬಾರದೆಂದು ಒಂದು ದಿನ ನೆಂಟರ ಮನೆಯಲ್ಲಿ ಉಳಿದೆವು. ದೂರದ ಊರಿನಿಂದ ಹೋಗುವವರು ಈ ಒಂದು ದಿನವನ್ನು ದಯವಿಟ್ಟು ಉಳಿಸಲು ನೋಡಬೇಡಿ.

ಮೊದಲ ಮಾತುಕತೆಯಲ್ಲಿ ಆಕೆ ಚಿತ್ರಪುಸ್ತಕ ತೋರಿಸುತ್ತಾ "ಕೊಡೆ ಎಲ್ಲಿದೆ?" ಎಂದರು. ಮಗಳು ಸುಮ್ಮನೆ ನನ್ನ ಮುಖ ನೋಡಿದಳು. "ಛತ್ರಿ" ಎಂದು ನಾನು ಪಿಸುಗುಟ್ಟಿದೆ, ಬೆರಳು ಥಟ್ಟನೆ ಚಿತ್ರದ ಮೇಲೆ ಹೋಯಿತು. ಆಕೆ ನಕ್ಕು, ಮನೆಯಲ್ಲಿ ಯಾವ ಮಾತು, ಓಣಿಯಲ್ಲಿ ಯಾವ ಮಾತು ಎಂದು ಕೇಳಿ ಬರೆದುಕೊಂಡರು. ಮನೆಯಲ್ಲಿ ನಮ್ಮ ಕನ್ನಡ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವನ್ನು ಒಂದೇ ಭಾಷೆಯ ಪದಗಳಿಂದ ತೂಗಿದರೆ ತೂಕ ಕಡಿಮೆಯೇ ಬರುತ್ತದೆ. ಇದನ್ನು ಕೇಳದೆ ಪರೀಕ್ಷೆ ಆರಂಭಿಸುವವರಿದ್ದರೆ ಎದ್ದು ಬನ್ನಿ.

ವರದಿಯಲ್ಲಿ ಒಟ್ಟು ಅಂಕ ದೊಡ್ಡದೇ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮಗಳಿಗೂ ಹೇಳಿಲ್ಲ. ಕೆಲಸಕ್ಕೆ ಬಂದದ್ದು ಒಳಗಿನ ಅಂತರ. ಭಾಷೆ ಮತ್ತು ತರ್ಕದ ಭಾಗ ವಯಸ್ಸಿಗಿಂತ ಬಹಳ ಮುಂದೆ, ಕಣ್ಣಿನಿಂದ ನೋಡಿ ಕೈಯಿಂದ ಬೇಗ ಬರೆಯುವ ಭಾಗ ಸಾಧಾರಣಕ್ಕಿಂತಲೂ ಸ್ವಲ್ಪ ಕೆಳಗೆ. ಅವಳದು ಸೊಕ್ಕೂ ಅಲ್ಲ, ಬರೀ ಬೇಸರವೂ ಅಲ್ಲ. ತಲೆಯ ವೇಗಕ್ಕೆ ಬೆರಳು ಒದಗುತ್ತಿರಲಿಲ್ಲ. ಶಿಕ್ಷಕಿಯೂ ತಪ್ಪಿದ್ದರು, ನಾನೂ ತಪ್ಪಿದ್ದೆ. ವರದಿ ನೋಡಿದ ಮೇಲೆ ಅವರು ಹತ್ತು ಸಾಲಿನ ಕಾಪಿಯನ್ನು ನಾಲ್ಕಕ್ಕೆ ಇಳಿಸಿ, ಉಳಿದುದನ್ನು ಬಾಯಲ್ಲೇ ಕೇಳಲು ಒಪ್ಪಿದರು. ಬೆರಳು ಪಳಗಲೆಂದು ಮನೆಯಲ್ಲಿ ರೊಟ್ಟಿ ಹಿಟ್ಟು ನಾದುವುದು ಅವಳ ಕೆಲಸವಾಯಿತು. ಹೊಟ್ಟೆನೋವು ಫೆಬ್ರುವರಿಯ ಹೊತ್ತಿಗೆ ನಿಂತಿತು.

ಊರಿಗೆ ಮರಳಿದ ದಿನ ಮಾವನವರು ಕೇಳಿದ್ದು, "ಎಷ್ಟು ಬಂತವ್ವಾ?" ಎಂದೇ. ಅಕ್ಷರ ಬರೆಯುವುದು ನಿಧಾನ ಎಂದು ಬಂತು ಎಂದೆ. ಅವರು ಗಂಜಿನ ಚೀಟಿಯನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದು, "ನಂದು ನೋಡು, ನನಗ ಬಿಟ್ರ ಯಾರಿಗೂ ಓದ್ಲಿಕ್ಕ ಬರಲ್ಲ" ಎಂದರು.